ಮೈಲವ್ವನ ಲೆಕ್ಕ ಸರಿಯಿತ್ತು

ಮೈಲವ್ವನ ಲೆಕ್ಕ ಸರಿಯಿತ್ತು. ಸರಿಯಿದೆ ಎಂದು ಗೊತ್ತಾದ ಮೇಲೂ ನಾನು ತಪ್ಪು ಎಂದೆ. ತಿಳಿಯದೆ ಹೇಳಿದ್ದಲ್ಲ, ಬಾಯಿತಪ್ಪಿ ಬಂದದ್ದೂ ಅಲ್ಲ — ಅವಳ ಮುಖ ನೋಡಿಕೊಂಡೇ ಹೇಳಿದೆ. ಈಗ ನಾನು ಕೊಟ್ಟೂರಿನಲ್ಲಿ ಡಿಪ್ಲೊಮಾ ಮಕ್ಕಳಿಗೆ ಅದೇ ವಿಷಯ ಕಲಿಸುತ್ತೇನೆ. ಪ್ರತಿ ವರ್ಷ ಆ ಪಾಠ ಬಂದಾಗ ಬೋರ್ಡಿನ ಕಡೆ ತಿರುಗಿ, ಬರೆಯುವ ನೆಪದಲ್ಲಿ ಸ್ವಲ್ಪ ಹೊತ್ತು... ಇರಲಿ. ಮೊದಲಿನಿಂದ ಹೇಳುತ್ತೇನೆ.

ಹರಪನಹಳ್ಳಿಯಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಓದುವಾಗ ನಾವಿಬ್ಬರೂ ಒಂದೇ ಹಾಸ್ಟೆಲಿನಲ್ಲಿದ್ದೆವು. ನಾನು ಹಗರಿಬೊಮ್ಮನಹಳ್ಳಿಯವಳು, ಅಪ್ಪ ಕಚೇರಿಯೊಂದರಲ್ಲಿ ಗುಮಾಸ್ತರು. ನಮ್ಮದು ಬೌದ್ಧರ ಮನೆ. ಬುದ್ಧನ ಪಟದ ಮುಂದೆ ಕೂತು, ಸುಳ್ಳಾಡುವುದಿಲ್ಲ ಎಂದು ದಿನಾ ಬಾಯಿಪಾಠ ಹೇಳುತ್ತ ಬೆಳೆದವಳು ನಾನು. ಮೈಲವ್ವ ಮೈಲಾರದ ಕಡೆಯ ಕುರಿಗಾರರ ಮಗಳು. ಅವರ ಮನೆತನದಲ್ಲಿ ಹತ್ತನೆಯ ತರಗತಿ ದಾಟಿದ ಮೊದಲ ಹುಡುಗಿ.

ಹಾಸ್ಟೆಲಿನಲ್ಲಿ ನನಗೆ ಮರ್ಯಾದೆ ಸಿಗುತ್ತಿದ್ದದ್ದು ಒಂದೇ ಕಾರಣಕ್ಕೆ — ಲೆಕ್ಕ. ನಮಗೆ ಪಾಠ ಮಾಡುತ್ತಿದ್ದ ಗೆಸ್ಟ್ ಲೆಕ್ಚರರ್ ಅರ್ಧಕ್ಕೇ ಬಿಟ್ಟು ಹೋಗಿದ್ದರು. ಹೋಮ್‌ವರ್ಕ್ ಮಾತ್ರ ಬರೆದು ಕಾಲೇಜಿಗೆ ಒಪ್ಪಿಸಲೇಬೇಕಿತ್ತು. ಹಾಗಾಗಿ ಎಲ್ಲರೂ ನನ್ನ ಹತ್ತಿರ ಬರುತ್ತಿದ್ದರು. ಜಾತಿ ನೋಡಿ ಊಟದ ಸಾಲಿನಲ್ಲಿ ನನ್ನ ಪಕ್ಕ ಜಾಗ ಬಿಟ್ಟು ಕೂರುತ್ತಿದ್ದವರೂ ಲೆಕ್ಕ ಬೇಕಾದಾಗ ನನ್ನ ಮಂಚದ ಮೇಲೆ ಒತ್ತೊತ್ತಾಗಿ ಕೂರುತ್ತಿದ್ದರು. ನೋವಾಗುತ್ತಿತ್ತು — ಖುಷಿಯೂ ಆಗುತ್ತಿತ್ತು, ಅದನ್ನೂ ಒಪ್ಪಿಕೊಳ್ಳಬೇಕು. ಲೆಕ್ಕ ಇಲ್ಲದ ದಿನವೂ ಬಂದು ಕೂರುತ್ತಿದ್ದವಳು ಮೈಲವ್ವ ಒಬ್ಬಳೇ. ಊರಿಂದ ತಂದ ಸಜ್ಜೆ ರೊಟ್ಟಿ ಮುರಿದು ದೊಡ್ಡ ಚೂರನ್ನು ನನ್ನ ಕೈಗಿಡುತ್ತಿದ್ದಳು.

ಆ ಲೆಕ್ಕ ಹೀಗಿತ್ತು. ಅಕ್ಕಪಕ್ಕದ ಎರಡು ಕಿಟಕಿಗಳಿಗೆ ನಡುವೆ ಒಂದೇ ಪಟ್ಟಿ ಇರುತ್ತದಲ್ಲ, ಹಾಗೆ ಎರಡು ಸುತ್ತಿನ ಸರ್ಕ್ಯೂಟ್. ಎಡ ಸುತ್ತಿನಲ್ಲಿ ಮೂರು ಆಂಪಿಯರ್ ಕರೆಂಟ್, ಬಲ ಸುತ್ತಿನಲ್ಲಿ ಎರಡು. ಎರಡೂ ಗಡಿಯಾರದ ಮುಳ್ಳಿನ ದಿಕ್ಕಿಗೇ ಸುತ್ತುವುದರಿಂದ ನಡುವಿನ ಪಟ್ಟಿಯಲ್ಲಿ ಒಂದು ಕೆಳಗಿಳಿಯುತ್ತದೆ, ಇನ್ನೊಂದು ಮೇಲೇರುತ್ತದೆ. ಅಲ್ಲಿ ಕಳೆಯಬೇಕು. ಉತ್ತರ ಒಂದು ಆಂಪಿಯರ್. ಆದರೆ ನಮ್ಮ ಪುಸ್ತಕದ ಕೊನೆಯ ಪುಟದಲ್ಲಿ ಐದು ಎಂದು ಅಚ್ಚಾಗಿತ್ತು.

ನನಗೂ ಮೊದಲು ಒಂದೇ ಬಂದಿತ್ತು. ಅಚ್ಚಾದದ್ದು ತಪ್ಪಿರಲಾರದು ಎಂದುಕೊಂಡು, ಕೊನೆಯ ಸಾಲಿನಲ್ಲಿ ಕಳೆಯುವ ಗುರುತಿಗೆ ಒಂದು ಗೀಟು ಸೇರಿಸಿ ಕೂಡುವ ಗುರುತು ಮಾಡಿದೆ. ಐದು ಬಂತು. ಹಾಸ್ಟೆಲಿನ ಹುಡುಗಿಯರು ಅದನ್ನೇ ಇಳಿಸಿಕೊಂಡರು. ಒಬ್ಬರೂ ಯಾಕೆ ಎಂದು ಕೇಳಲಿಲ್ಲ.

ಮೈಲವ್ವ ಇಳಿಸಿಕೊಳ್ಳುವವಳಲ್ಲ. ಅರ್ಥವಾಗುವವರೆಗೆ ತಾನೇ ಬಿಡಿಸುವವಳು. ಸಂಜೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಾನಿದ್ದಾಗ ಹಾಳೆ ಹಿಡಿದು ಬಂದಳು.

‘ಲೇ, ನನಗ ಒಂದು ಬರಾಕತ್ತೈತಿ. ಎಷ್ಟು ಸಲ ಮಾಡಿದ್ರೂ ಒಂದ ಬರತೈತಿ. ನೋಡು, ಬ್ಯಾಟರಿ ಎಷ್ಟು ಪವರ್ ಕೊಡತೈತಿ, ಎಲ್ಲಾ ಕಡಿ ಎಷ್ಟು ಖರ್ಚಾಗತೈತಿ, ಅದನ್ನೂ ಕೂಡಿಸಿ ನೋಡೀನಿ. ಎರಡೂ ಸರಿ ಹೊಂದತಾವು. ಪುಸ್ತಕನ ತಪ್ಪೈತೇನು?’

ಒದ್ದೆ ಕೈಯಲ್ಲೇ ಹಾಳೆ ತೆಗೆದುಕೊಂಡೆ. ಕೊಟ್ಟ ಪವರ್, ಖರ್ಚಾದ ಪವರ್ — ಹಾಗೆ ತಾಳೆ ನೋಡಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಎರಡೂ ಸಮ. ಅನುಮಾನಕ್ಕೆ ಜಾಗವೇ ಇರಲಿಲ್ಲ. ಅವಳದು ಸರಿ, ಪುಸ್ತಕ ತಪ್ಪು, ನಾನು ಎಲ್ಲರಿಗೂ ಕೊಟ್ಟದ್ದು ತಪ್ಪು. ಇದನ್ನು ಹೇಳಿದರೆ ನಾಳೆ ನನ್ನ ಮಂಚದ ಮೇಲೆ ಯಾರು ಕೂರುತ್ತಾರೆ ಎಂಬ ಯೋಚನೆ ಬಂತು. ಬಂದದ್ದು ಅದೊಂದೇ ಯೋಚನೆ.

‘ಪುಸ್ತಕ ಎಲ್ಲ್ಯರ ತಪ್ಪಿರತೈತೇನು? ನಿಂದ ತಪ್ಪೈತಿ,’ ಎಂದೆ.

ಅವಳು ಹಾಳೆಯನ್ನೇ ನೋಡುತ್ತ ನಿಂತಳು. ಆಮೇಲೆ ಮೆಲ್ಲಗೆ ಕೇಳಿದಳು: ‘ಹಂಗಾರ ನಡುವಿಂದರಾಗ ಕೂಡಿಸಬೇಕಾ?’

‘ಹ್ಞೂಂ.’

ಅಷ್ಟೇ. ಅವಳು ತಲೆಯಾಡಿಸಿ ಹೋದಳು. ನಾನು ಬಟ್ಟೆ ಹಿಂಡಿ ಹರವಿದೆ.

ಆಮೇಲೆ ಅವಳು ಮಾಡಿದ ಲೆಕ್ಕಗಳನ್ನು ನಾನು ನೋಡಿದ್ದೇನೆ. ಸರಿಯಾಗಿ ಬರುತ್ತಿದ್ದವನ್ನೆಲ್ಲ ಅಳಿಸಿ, ನಡುವೆ ಕೂಡುವ ಗುರುತು ಹಾಕುತ್ತಿದ್ದಳು. ಪುಸ್ತಕದ ಉತ್ತರಕ್ಕೆ ಹೊಂದದೆ ಹೋದರೆ ನನ್ನ ಮಾತನ್ನು ಅನುಮಾನಿಸದೆ ತನ್ನ ತಲೆಯನ್ನೇ ಬೈದುಕೊಳ್ಳುತ್ತಿದ್ದಳು. ‘ಕೂಡಿಸಬ್ಯಾಡ, ಕಳಿ’ ಎನ್ನಲು ಎಷ್ಟು ಹೊತ್ತು ಬೇಕಿತ್ತು? ಪ್ರತಿ ಸಲ ಬಾಯಿಗೆ ಬರುತ್ತಿತ್ತು, ಮತ್ತೆ...

ಪರೀಕ್ಷೆಯಲ್ಲಿ ಹೆಚ್ಚಿನ ಅಂಕಕ್ಕೆ ಅಂಥವೇ ಲೆಕ್ಕಗಳು ಬಂದವು. ಅವಳು ಕೂಡಿಸಿದಳು. ನಾನು ಕಳೆದೆ. ಹೌದು, ನನ್ನ ಉತ್ತರಪತ್ರಿಕೆಯಲ್ಲಿ ಕಳೆದೇ ಬರೆದೆ. ಇಳಿಸಿಕೊಂಡವರಿಗೆ ಅದರಿಂದ ಹೆಚ್ಚೇನೂ ಆಗಲಿಲ್ಲ. ಅವರ ತಲೆಯಲ್ಲಿ ಅದು ಉಳಿದೇ ಇರಲಿಲ್ಲ. ತಿಳಿದು ಓದುತ್ತಿದ್ದವಳು ಮೈಲವ್ವ, ಪೆಟ್ಟು ಅವಳಿಗೇ ಬಿತ್ತು. ಆ ವಿಷಯದಲ್ಲಿ ಫೇಲಾದಳು.

ಫೀಸು ಕಟ್ಟಿ ಮತ್ತೆ ಬರೆಯಬಹುದಿತ್ತು. ಎಷ್ಟೋ ಜನ ಬರೆಯುತ್ತಾರೆ. ಆದರೆ ಅವಳ ಅಪ್ಪ ಹಾಸ್ಟೆಲಿಗೆ ಬಂದರು. ಹೆಗಲ ಮೇಲೆ ಕಂಬಳಿ, ಗೇಟಿನಾಚೆಯೇ ಚಪ್ಪಲಿ ಬಿಟ್ಟಿದ್ದರು. ಮೈಲವ್ವ ಒಳಗೆ ಅಳುತ್ತಿದ್ದಳು. ಅವರು ನನ್ನನ್ನು ಪಕ್ಕಕ್ಕೆ ಕರೆದರು.

‘ಯವ್ವಾ, ನಾವು ಓದಿದ ಮಂದಿ ಅಲ್ಲ. ನೀ ಆಕಿ ಜೊತಿಗಿ ಇರಾಕಿ, ನಿನಗ ಗೊತ್ತಿರತೈತಿ. ಖರೇ ಹೇಳು, ಆಕಿ ತಲಿಗಿ ಇದು ಹತ್ತತೈತೋ ಇಲ್ಲೋ? ಹತ್ತತೈತಿ ಅಂದ್ರ ಯಾರು ಏನರ ಅನ್ಲಿ, ನಾ ಓದಸ್ತೀನಿ.’

ಸತ್ಯವನ್ನೇ ಕೇಳಲು ಬಂದ ಮನುಷ್ಯ. ನನ್ನ ಒಂದು ಮಾತಿನ ಮೇಲೆ ನಿಂತಿದ್ದರು. ಅವಳು ಉಳಿದರೆ ಆ ಲೆಕ್ಕವನ್ನು ಮತ್ತೆ ಬಿಡಿಸುತ್ತಾಳೆ, ಬೇರೆ ಯಾರನ್ನೋ ಕೇಳುತ್ತಾಳೆ, ನಾನು ಹೇಳಿದ್ದು ಸುಳ್ಳೆಂದು ಗೊತ್ತಾಗುತ್ತದೆ... ಇಷ್ಟೆಲ್ಲ ಆ ಗಳಿಗೆಯಲ್ಲಿ ತಲೆಯಲ್ಲಿ ಓಡಿತೇ, ಅಥವಾ ಆಮೇಲೆ ನಾನೇ ಜೋಡಿಸಿಕೊಂಡೆನೇ, ಗೊತ್ತಿಲ್ಲ. ಹೇಳಿದ್ದು ಮಾತ್ರ ನೆನಪಿದೆ.

‘ಲೆಕ್ಕ ಆಕಿಗೆ ಕಷ್ಟ ಆಗತೈತ್ರಿ ಕಾಕಾ.’

ಅವರು ಹ್ಞೂಂ ಎಂದು ಕಂಬಳಿ ಸರಿಮಾಡಿಕೊಂಡರು. ಅವತ್ತೇ ಮಗಳ ಟ್ರಂಕು ಹೊತ್ತುಕೊಂಡು ಹೋದರು. ಹೋಗುವಾಗ ಅವಳು ತನ್ನ ಕ್ಯಾಲ್ಕುಲೇಟರನ್ನು ನನಗೆ ಕೊಟ್ಟಳು — ‘ನನಗ್ಯಾಕ ಇನ್ನ’ ಎಂದು. ನಾನು ತೆಗೆದುಕೊಂಡೆ.

ವರ್ಷಗಳಾದವು. ಈ ಸಲ ಬಂದ ಹೊಸ ಮುದ್ರಣದಲ್ಲಿ ಆ ಐದನ್ನು ತಿದ್ದಿ ಒಂದು ಮಾಡಿದ್ದಾರೆ. ಯಾರೋ ಬರೆದು ತಿಳಿಸಿರಬೇಕು. ನಾನು ಕಲಿಸುವವಳು, ತಿಳಿಸಬಹುದಿತ್ತು, ತಿಳಿಸಿರಲಿಲ್ಲ. ಆ ಪುಟ ನೋಡಿದ ಮೇಲೆ ಕೂರಲಾಗಲಿಲ್ಲ. ಭಾನುವಾರ ಹಡಗಲಿಗೆ ಹೋದೆ.

ಮೈಲವ್ವನನ್ನು ಹಡಗಲಿ ಹತ್ತಿರದ ಹಳ್ಳಿಗೆ ಕೊಟ್ಟಿದ್ದರು. ಗಂಡ ಹೆಂಡತಿ ಸೇರಿ ಮಲ್ಲಿಗೆ ತೋಟ ಮಾಡುತ್ತಾರೆ. ಹೂವೆಲ್ಲ ಬೆಳಿಗ್ಗೆಯೇ ಪೇಟೆಗೆ ಹೋಗಿತ್ತು. ಅವಳು ಗಿಡಗಳಿಗೆ ನೀರು ತಿರುವುತ್ತಿದ್ದಳು. ನನ್ನನ್ನು ಕಂಡು ಗುದ್ದಲಿ ಬಿಟ್ಟು ಓಡಿಬಂದಳು.

‘ಯವ್ವಾ, ನೀನಾ! ಬಾರಲೇ, ನೆರಳಿಗೆ ಬಾ. ಉಣ್ಣದ ಹೋಗಂಗಿಲ್ಲ ನೋಡು.’

ಉಂಡರೆ ಹೇಳಲಾಗುವುದಿಲ್ಲ ಎಂದು ನಿಂತಲ್ಲೇ ಹೇಳಿದೆ. ಎಲ್ಲವನ್ನೂ. ಒಗೆಯುವ ಕಲ್ಲಿನ ಹತ್ತಿರ ನಾನಂದದ್ದು, ನನಗೆ ಆಗಲೇ ಗೊತ್ತಿದ್ದದ್ದು, ಪರೀಕ್ಷೆಯಲ್ಲಿ ನಾನು ಕಳೆದದ್ದು, ಅವಳ ಅಪ್ಪನಿಗೆ ಹೇಳಿದ್ದು.  ಮುಗಿದ ಮೇಲೆ ಅವಳು ಕೇಳಿದಳು:

‘ಅಂದ್ರ, ನಂದು ಸರಿ ಇತ್ತಾ?’

‘ಸರಿ ಇತ್ತು.’

‘ನೀ ಅಪ್ಪಗ ಹೇಳಿದ್ದು ನನಗ ಗೊತ್ತಿತ್ತು,’ ಎಂದಳು. ‘ದಾರ್ಯಾಗ ಹೇಳಿದ್ದ. ಸಿಟ್ಟು ಬರಲಿಲ್ಲ ನನಗ. ಆಕಿ ಅಂದಾಳ ಅಂದ ಮ್ಯಾಲ ಖರೇ ಇರಬೇಕು ಅಂದ್ಕೊಂಡ್ನಿ. ಅಪ್ಪನೂ ಹಂಗ ಅಂದ್ಕೊಂಡ ಸತ್ತ — ನನ್ನ ಮಗಳಿಗೆ ತಲಿಗಿ ಹತ್ತಲಿಲ್ಲ ಅಂತ.’

ದನಿ ಏರಲಿಲ್ಲ. ಬೈದಿದ್ದರೆ ನಿಂತು ಕೇಳಬಹುದಿತ್ತು. ಅವಳು ನೀರು ತುಂಬಿ ಬದು ದಾಟುತ್ತಿದ್ದ ಕಾಲುವೆಯ ಕಡೆ ನೋಡಿ, ಗುದ್ದಲಿ ಎತ್ತಿಕೊಂಡು ಹೋದಳು. ಊಟದ ಮಾತು ಮತ್ತೆ ಎತ್ತಲಿಲ್ಲ. ನಾನು ರಸ್ತೆಗೆ ಬಂದೆ.

ಕ್ಷಮಿಸು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಅವಳು ಕ್ಷಮಿಸಿಬಿಡುತ್ತಿದ್ದಳು — ಅವಳ ಗುಣವೇ ಅಂಥದು. ಅದೊಂದನ್ನಾದರೂ ಅವಳಿಂದ ತೆಗೆದುಕೊಳ್ಳದೆ ಬಂದೆ.