ಇಬ್ಬರು ಅಧ್ಯಕ್ಷರು, ಒಂದು ನಳ

ಕೊಪ್ಪಳ ಜಿಲ್ಲೆಯಾಗಿ ಕೆಲವೇ ವರ್ಷಗಳಾಗಿದ್ದಾಗ ನಾನು ಇರಕಲ್ಲಗಡದ ಕಡೆಯ ನಮ್ಮೂರ ಪಂಚಾಯಿತಿಗೆ ಸದಸ್ಯೆಯಾಗಿ ಆರಿಸಿ ಬಂದೆ. ಆಗಿನ ಅಧ್ಯಕ್ಷರು ದೊಡ್ಡ ಒಕ್ಕಲುತನದ ಹಿರಿಯರು. ಕೊಪ್ಪಳದ ಕಚೇರಿಗಳಲ್ಲಿ ಅವರ ಮಾತು ನಡೆಯುತ್ತಿತ್ತು. ಸಭೆಯಲ್ಲೂ ಅವರೊಬ್ಬರದೇ ಮಾತು. ಕೊನೆಗೆ ಠರಾವಿನ ಪುಸ್ತಕವನ್ನು ನನ್ನತ್ತ ಸರಿಸಿ, "ಸಹಿ ಮಾಡು ತಂಗಿ, ಚಾ ಆರತೈತಿ," ಎನ್ನುತ್ತಿದ್ದರು. ಎರಡೂವರೆ ವರ್ಷ ಸಹಿ ಮಾಡಿದೆ, ಚಹಾ ಕುಡಿದೆ.

ಅವರ ನಂತರ ಅಧ್ಯಕ್ಷೆಯಾದವರು ಸಿದ್ದಾಪುರದ ಕಡೆ ಭತ್ತದ ನಾಟಿಗೆ ಹೆಣ್ಣಾಳುಗಳನ್ನು ಕರೆದೊಯ್ಯುತ್ತಿದ್ದ ಅಕ್ಕ. ಮೊದಲ ಸಭೆಯಲ್ಲೇ ಒಬ್ಬೊಬ್ಬರನ್ನೂ ಕೇಳುತ್ತ ನನ್ನ ಹತ್ತಿರ ಬಂದರು. "ನೀ ಏನಂತಿಯವಾ?"

ಎದ್ದು ನಿಂತೆ. "ನಮ್ಮ ಓಣ್ಯಾಗ ನಳ ಇಲ್ರಿ," ಎಂದವಳೇ ಕುಳಿತುಬಿಟ್ಟೆ.

"ಏಳ್ರಿ ಎಲ್ಲಾರೂ, ನೋಡಿ ಬರೂಣು!" ಎಂದು ಅಕ್ಕ ಇಡೀ ಸಭೆಯನ್ನೇ ನಮ್ಮ ಓಣಿಗೆ ನಡೆಸಿದರು. ನನಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

ಆದರೆ ನಳ ಎಲ್ಲಿರಬೇಕೆಂದು ಎಲ್ಲರನ್ನೂ ಕೇಳುವುದರಲ್ಲಿ ಮೂರು ಸಭೆ ಕಳೆದವು. ಈಗ ಬರೀ ಸದಸ್ಯರಾಗಿದ್ದ ಹಿರಿಯರು ಹಣೆ ಚಚ್ಚಿಕೊಂಡರು. ಆದರೂ ಕೊಪ್ಪಳಕ್ಕೆ ಹೋಗಿ ಒಂದೇ ದಿನದಲ್ಲಿ ಮಂಜೂರು ಮಾಡಿಸಿಕೊಂಡು ಬಂದವರು ಅವರೇ.

ಮೊದಲ ಸಲ ನೀರು ಬಿಟ್ಟಾಗ ನಳವೇ ಕಿತ್ತು ಹಾರಿತು. ನೀರು ಮಾಳಿಗೆಯೆತ್ತರ ಚಿಮ್ಮಿ, ಎಲ್ಲರೂ ತೊಯ್ದು ತೊಪ್ಪೆಯಾದೆವು. ಹಿರಿಯರು ರುಮಾಲು ಹಿಂಡುತ್ತ, "ನಮ್ಮ ಕಾಲದಾಗ ಹಿಂಗ ಆಗಿದ್ದಿಲ್ಲ," ಎಂದರು.

"ನಿಮ್ಮ ಕಾಲದಾಗ ನಳಾನ ಇದ್ದಿಲ್ರಿ!" ಎಂದೆ. ಈ ಸಲ ಮಾತಾಡು ಎಂದು ಯಾರೂ ನನ್ನನ್ನು ಕೇಳಿರಲೇ ಇಲ್ಲ.

ಮೊದಲು ನಕ್ಕವರು ಹಿರಿಯರೇ. ಅಕ್ಕ ಗೋಡೆ ಹಿಡಿದು ನಕ್ಕರು. ನಾನಂತೂ ನಕ್ಕೂ ನಕ್ಕೂ ಕೆಸರಿನಲ್ಲೇ ಕುಳಿತುಬಿಟ್ಟೆ.