ಬಲ ಹೆಗಲಿನ ಜನಿವಾರ

ತಿಪಟೂರಿನಲ್ಲಿ ಮದುವೆ ಪತ್ರಿಕೆಯಾಗಲಿ, ಗೃಹಪ್ರವೇಶದ ಕಾರ್ಡಾಗಲಿ, ಹುಟ್ಟುಹಬ್ಬದ ಫ್ಲೆಕ್ಸಾಗಲಿ ಮಾಡಿಸಬೇಕಾದರೆ ಜನ ದಯಾನಂದನ ಅಂಗಡಿಗೇ ಹೋಗುತ್ತಿದ್ದರು. ಹೋಗಿ ಅವನ ಕೈಲಿ ಅನ್ನಿಸಿಕೊಂಡು ಬರುತ್ತಿದ್ದರು. ಅವನು ಕೆಟ್ಟ ಮಾತಾಡುವವನಲ್ಲ. ಅವನದೇನಿದ್ದರೂ ಇಂಗ್ಲಿಷ್ ಪದಗಳ ಏಟು.

ಕೊಬ್ಬರಿ ವ್ಯಾಪಾರದ ದುರ್ಗಯ್ಯ ಒಮ್ಮೆ ಮೊಮ್ಮಗನ ನಾಮಕರಣದ ಫ್ಲೆಕ್ಸಿಗೆಂದು ಮೊಬೈಲಿನಲ್ಲಿ ಒಂದು ಫೋಟೋ ತಂದಿದ್ದ. ದಯಾನಂದ ಅದನ್ನು ಕಂಪ್ಯೂಟರಿಗೆ ಹಾಕಿಕೊಂಡು ದೊಡ್ಡದು ಮಾಡಿ ನೋಡಿ ತಲೆಯಾಡಿಸಿದ.

"ಇದರಲ್ಲಿ ರೆಸಲ್ಯೂಷನ್ನೇ ಇಲ್ವಲ್ರೀ. ದೊಡ್ಡದು ಮಾಡಿದ್ರೆ ಬರೀ ಚೌಕ ಚೌಕ ಕಾಣ್ತದೆ."

"ಮುಖ ಐತಲ್ಲಪ್ಪ, ಅಷ್ಟು ಸಾಕು ಬುಡು," ಎಂದ ದುರ್ಗಯ್ಯ.

"ಮುಖ ಇದ್ರೆ ಆಯ್ತಾ? ಮಾರ್ಜಿನ್ ಬೇಡ್ವಾ, ಬ್ಲೀಡ್ ಬೇಡ್ವಾ?"

ಬ್ಲೀಡ್ ಎಂದರೆ ಬಣ್ಣವನ್ನು ಕಾಗದದ ಅಂಚಿಗಿಂತ ಒಂದು ಚೂರು ಆಚೆಗೂ ಹರಿಸುವುದು, ಕತ್ತರಿಸಿದಾಗ ಅಂಚಿನಲ್ಲಿ ಬಿಳಿ ಗೆರೆ ಉಳಿಯದಿರಲೆಂದು. ಇದನ್ನು ಅವನು ಹೀಗೆ ಒಂದೇ ಮಾತಿನಲ್ಲಿ ಹೇಳಿಬಿಡಬಹುದಿತ್ತು. ಹೇಳುತ್ತಿರಲಿಲ್ಲ. ಹೇಳಿದರೆ ಎದುರಿಗಿದ್ದವರಿಗೂ ಗೊತ್ತಾಗಿಬಿಡುತ್ತದಲ್ಲ. ಊರವರು ಹಿಂದಿನಿಂದ ಅವನನ್ನು ಬ್ಲೀಡ್ ದಯಾನಂದ ಎಂದೇ ಕರೆಯುತ್ತಿದ್ದರು.

ಅವನು ಮೂಲತಃ ಕಂದಿಕೆರೆಯವನು. ಮನೆಯ ಕಡೆ ತೋಟವಿತ್ತು, ಅದರಲ್ಲಿ ಅವನಿಗೆ ಮನಸ್ಸಿರಲಿಲ್ಲ. ಪಿಯುಸಿಯಲ್ಲಿ ಡುಮ್ಕಿ ಹೊಡೆದು ತಿಪಟೂರಿನ ಹಳೆಯ ಪ್ರೆಸ್ಸೊಂದರಲ್ಲಿ ಕಾಗದ ಮಡಿಸುವ ಕೆಲಸಕ್ಕೆ ಸೇರಿದ. ಅಲ್ಲಿಗೆ ಕಂಪ್ಯೂಟರ್ ಬಂದಾಗ ತುಮಕೂರಿಗೆ ಹೋಗಿ ಡಿಟಿಪಿ ಕಲಿತು ಬಂದ. ಕೆಲಸದ ಜೊತೆಗೆ ಪದಗಳನ್ನೂ ಕಲಿತಿದ್ದ. ಹೊಸ ಅಳಿಯ ಬೆರಳಿನ ಉಂಗುರ ತೋರಿಸಿಕೊಂಡು ಓಡಾಡುವ ಹಾಗೆ ಅವುಗಳನ್ನು ತೋರಿಸಿಕೊಂಡು ಓಡಾಡಿದ. ಆಮೇಲೆ ಸ್ವಂತ ಅಂಗಡಿ ಇಟ್ಟ. ಇತ್ತೀಚೆಗೆ ಕಲ್ಯಾಣ ಮಂಟಪದವರಿಗೆ, ಎಣ್ಣೆ ಗಾಣದವರಿಗೆ ವೆಬ್‌ಸೈಟನ್ನೂ ಮಾಡಿಕೊಡುತ್ತಿದ್ದ. ಕೆಲಸ ಅಚ್ಚುಕಟ್ಟು, ಅದರಲ್ಲಿ ಎರಡು ಮಾತಿಲ್ಲ.

ಅವನಿಗೆ ಬಾರದೆ ಇದ್ದದ್ದು ಒಂದೇ. 'ತಪ್ಪಾಯ್ತು' ಎನ್ನಲು ಬರುತ್ತಿರಲಿಲ್ಲ. ಬಣ್ಣ ಮಂಕಾದರೆ, "ಸ್ಕ್ರೀನ್‌ದು ಆರ್‌ಜಿಬಿ, ಪ್ರಿಂಟಿಂದು ಸಿಎಂವೈಕೆ ಕಣ್ರೀ, ಹಂಗೇ ಆಗೋದು" ಎನ್ನುತ್ತಿದ್ದ. ಅದು ನಿಜವೇ. ಮದುವೆ ಪತ್ರಿಕೆಯಲ್ಲಿ ಹೆಣ್ಣಿನ ತಾಯಿಯ ಹೆಸರೇ ಬಿಟ್ಟುಹೋದಾಗಲೂ, "ಫೈಲ್ ಕನ್ವರ್ಟ್ ಆಗುವಾಗ ಫಾಂಟ್ ಒಡೆದದೆ" ಎಂದ. ಅದು ಶುದ್ಧ ಸುಳ್ಳು. ಯಾವುದು ನಿಜ, ಯಾವುದು ಸುಳ್ಳು ಎಂದು ಬಂದವರಿಗೆ ತಿಳಿಯುವುದಾದರೂ ಹೇಗೆ? ಅವರು ತಾವೇ ಏನೋ ತಪ್ಪು ಮಾಡಿದವರಂತೆ ತಲೆಯಾಡಿಸಿ ಹೋಗುತ್ತಿದ್ದರು. ಹೀಗೆ ವರ್ಷಗಟ್ಟಲೆ ನಡೆಯಿತು. ಅವನಿಗೆ ಅದು ಮೋಸ ಅಂತಲೇ ಅನ್ನಿಸಿರಲಿಲ್ಲ.

ನೊಣವಿನಕೆರೆಯ ಶ್ರೀರಂಗಯ್ಯನವರು ಸುತ್ತಲಿನ ಹಳ್ಳಿಗಳಿಗೆ ಪಂಚಾಂಗ ನೋಡಿ ಹೇಳುವ ಹಿರಿಯರು. ದಯಾನಂದನ ಅಂಗಡಿಗೆ ಮುಹೂರ್ತ ಇಟ್ಟುಕೊಟ್ಟವರೂ ಅವರೇ. ಅವರು ಸಾವಿರ ಹುಣ್ಣಿಮೆ ಕಂಡ ಸಂಭ್ರಮಕ್ಕೆ ಮನೆಯವರು ಸಹಸ್ರಚಂದ್ರ ದರ್ಶನ ಶಾಂತಿ ಇಟ್ಟುಕೊಂಡರು. ಆಹ್ವಾನ ಪತ್ರಿಕೆಯ ಕೆಲಸ ದಯಾನಂದನಿಗೆ ಬಂತು. ಹಿರಿಯ ಸೊಸೆ ವನಜಾಕ್ಷಿ, ಮಾವನವರು ಜಗಲಿಯ ಮೇಲೆ ಪಂಚೆಯುಟ್ಟು ಬರಿಮೈಯಲ್ಲಿ ಕೂತಿದ್ದಾಗ ತಾನೇ ತೆಗೆದ ಫೋಟೋವನ್ನು ಅವನ ಮೊಬೈಲಿಗೆ ಕಳಿಸಿದಳು. "ಸಾರ್, ಮಾವನವರು ಇದರಲ್ಲಿ ನಗ್ತಿದ್ದಾರೆ, ಇದನ್ನೇ ಹಾಕಿ" ಎಂದು ಬರೆದಿದ್ದಳು.

ಫೋಟೋ ನಿಜಕ್ಕೂ ಚೆನ್ನಾಗಿತ್ತು. ಕಾರ್ಡಿನ ಬಲಭಾಗದಲ್ಲಿ ಅದನ್ನಿಟ್ಟು, ಎಡಗಡೆ ಅಕ್ಷರ ಜೋಡಿಸಿದ. ಮುದುಕರ ಮುಖ ಕಾರ್ಡಿನಿಂದ ಹೊರಗೆ ತಿರುಗಿತ್ತು. ಲೇಔಟಿನಲ್ಲಿ ಮುಖ ಅಕ್ಷರದ ಕಡೆ ನೋಡಬೇಕು, ಅದು ಅವನು ಕಲಿತ ನಿಯಮ. ಫ್ಲಿಪ್ ಎಂಬಲ್ಲಿ ಒತ್ತಿದ. ಚಿತ್ರ ಎಡಬಲ ಮಗುಚಿತು, ಶ್ರೀರಂಗಯ್ಯನವರು ತಮ್ಮ ಹೆಸರನ್ನೇ ನೋಡಿ ನಗುತ್ತಿರುವ ಹಾಗಾಯಿತು. ದಯಾನಂದನಿಗೆ ಬಲು ಖುಷಿಯಾಯಿತು. ಪ್ರೂಫ್ ನೋಡಿದ ಮನೆಯವರು ಅಕ್ಷರ ಓದಿದರೇ ಹೊರತು ಚಿತ್ರ ನೋಡಲಿಲ್ಲ. ಕಾರ್ಡು ಅಚ್ಚಾಗಿ ಊರೂರಿಗೂ ಹೋಯಿತು.

ಮೊದಲು ಕಂಡದ್ದು ತುರುವೇಕೆರೆಯ ನೆಂಟರೊಬ್ಬರಿಗೆ. ಫೋನು ಮಾಡಿ, "ಶಾಂತಿಗೆ ಕರೀತಿದ್ದೀರೋ, ತಿಥಿಗೆ ಕರೀತಿದ್ದೀರೋ?" ಎಂದು ಕೇಳಿದರಂತೆ. ಕಾರ್ಡಿನಲ್ಲಿ ಜನಿವಾರ ಬಲ ಹೆಗಲ ಮೇಲಿತ್ತು. ಅದು ಯಾವಾಗಲೂ ಎಡ ಹೆಗಲ ಮೇಲಿರಬೇಕು. ಬಲಕ್ಕೆ ಹಾಕಿಕೊಳ್ಳುವುದು ಸತ್ತವರಿಗೆ ಪಿಂಡ ಇಡುವಾಗ, ತರ್ಪಣ ಬಿಡುವಾಗ. ಆಯುಸ್ಸು ಹೆಚ್ಚಲಿ ಎಂದು ಮಾಡುವ ಶಾಂತಿಯ ಕಾರ್ಡಿನಲ್ಲಿ ಯಜಮಾನರು ಹಾಗೆ ಕೂತಿದ್ದರು, ಅದೂ ನಗುತ್ತ. ಅದೇ ವಾರ ಶ್ರೀರಂಗಯ್ಯನವರಿಗೆ ಜ್ವರ ಬಂತು. ಅವರ ಹೆಂಡತಿ ಲಕ್ಷ್ಮೀದೇವಮ್ಮನವರು ದೇವರ ಮನೆಯಿಂದ ಹೊರಗೆ ಬರಲಿಲ್ಲ. "ನನ್ನ ಮೈಮೇಲಿರೋದು ನೆಟ್ಟಗಿದೆಯಲ್ಲೇ, ಕಾಗದದ ಮೇಲಿಂದಕ್ಕೆ ಯಾಕೆ ಅಳ್ತೀಯ?" ಎಂದು ಮುದುಕರು ಹೇಳಿದ್ದು ಆಕೆಯ ಕಿವಿಗೆ ಬೀಳಲಿಲ್ಲ.

ಹಿರಿಯ ಮಗ, ವನಜಾಕ್ಷಿಯ ಗಂಡ ಅರುಣ್ ಕುಮಾರ್ ಕಾರ್ಡು ಹಿಡಿದು ಅಂಗಡಿಗೆ ಬಂದ. ಜಗಳಕ್ಕೇನೂ ಬಂದಿರಲಿಲ್ಲ. "ಇದು ಹೇಗಾಯ್ತು ದಯಾನಂದ?" ಎಂದ, ಅಷ್ಟೆ.

ದಯಾನಂದನಿಗೆ ನೋಡಿದ ಕೂಡಲೇ ಗೊತ್ತಾಯಿತು. ಅವನ ಕುಲದಲ್ಲಿ ಜನಿವಾರವಿಲ್ಲ. 'ನನಗೆ ಹೊಳೆಯಲಿಲ್ಲ' ಎಂದಿದ್ದರೆ ಯಾರೂ ಅವನನ್ನು ನುಂಗುತ್ತಿರಲಿಲ್ಲ. ಆದರೆ ಬಾಯಿಗೆ ಅಭ್ಯಾಸವಾಗಿತ್ತು.

"ಇದು ಮಿರರ್ ಇಮೇಜ್ ಕಣ್ರೀ. ಫೋಟೋ ತೆಗೆದೋರು ಕ್ಯಾಮೆರಾ ಸೆಟ್ಟಿಂಗ್ ನೋಡ್ಕಂಡಿಲ್ಲ. ಅವರ ಫೋನಲ್ಲಿ ನೋಡಿದ್ರೆ ನೆಟ್ಟಗೇ ಕಾಣ್ತದೆ, ಕಳಿಸುವಾಗ ತಿರುಗಿಬಿಡ್ತದೆ. ನಮಗೆ ಹೆಂಗೆ ಗೊತ್ತಾಗ್ಬೇಕು ಹೇಳಿ?"

"ಓಹೋ. ಹಾಗಾದ್ರೆ ನಮ್ಮೋಳ್ದೇ ತಪ್ಪು," ಎಂದ ಅರುಣ್ ಕುಮಾರ್.

"ಪಾಪ, ಅವರಿಗೇನು ಗೊತ್ತಾಗ್ತದೆ ಬುಡಿ," ಎಂದು ದಯಾನಂದ ಔದಾರ್ಯವನ್ನೂ ತೋರಿಸಿದ. ಅಂದೇ ಚಿತ್ರ ಸರಿಮಾಡಿ ಹೊಸ ಕಾರ್ಡು ಹಾಕಿಕೊಟ್ಟ. ಒಬ್ಬ ಹೆಂಗಸಿನ ತಲೆಯ ಮೇಲೆ ಗೂಬೆ ಕೂರಿಸಿದ್ದೇನೆ ಎಂಬುದು ಅವನಿಗೆ ಆ ಹೊತ್ತಿನಲ್ಲಿ ಹೊಳೆಯಲೇ ಇಲ್ಲ. ಹೊಳೆಯಲಿಲ್ಲ ಎನ್ನುವುದಕ್ಕಿಂತ, ಹೊಳೆಯಲು ಅವನು ಬಿಡಲಿಲ್ಲ ಎನ್ನುವುದು ಸರಿ.

ಕೆಲವು ದಿನ ಕಳೆದು ವನಜಾಕ್ಷಿಯೇ ಬಸ್ಸು ಹತ್ತಿ ಅಂಗಡಿಗೆ ಬಂದಳು. ಕೈಯಲ್ಲಿ ಒಂದು ಡಬ್ಬಿ ಕೊಬ್ಬರಿ ಮಿಠಾಯಿ. ಮೇಜಿನ ಮೇಲಿಟ್ಟು, ನಿಂತೇ ಮಾತಾಡಿದಳು.

"ನನ್ನಿಂದ ನಿಮಗೂ ಎರಡೆರಡು ಸಲ ಕೆಲಸ ಆಯ್ತು ಸಾರ್. ಏನೂ ಅಂದ್ಕೋಬೇಡಿ."

ದಯಾನಂದನಿಗೆ ಆಗ ಮೊದಲ ಬಾರಿಗೆ ಚುಚ್ಚಿತು. ಅವಳ ಮುಖ ಬಾಡಿತ್ತು. ಕೇಳದಿದ್ದರೂ ಹೇಳಿದಳು. ಮನೆಗೆ ಬಂದವರಿಗೆಲ್ಲ ಅತ್ತೆ 'ಇವಳ ಕೈಯಿಂದಲೇ ಆದದ್ದು' ಎಂದು ಹೇಳುತ್ತಾರಂತೆ. ಬೇಕೆಂದು ಅನ್ನುವುದಿಲ್ಲ, ಭಯಕ್ಕೆ ಅನ್ನುತ್ತಾರೆ ಎಂದು ಅವರ ಪರವಾಗಿಯೂ ಹೇಳಿದಳು. ಶಾಂತಿಯ ದಿನ ಮಾವನವರಿಗೆ ಆರತಿ ಎತ್ತಬೇಕಾದವಳು ಹಿರಿಯ ಸೊಸೆ. ಈಗ ಆ ಕೈ ಬೇಡವೆಂದು, ಹಾಸನದಲ್ಲಿರುವ ವಾರಗಿತ್ತಿ ಅನುಪಮಾಳಿಗೆ ಹೇಳಿದ್ದಾರೆ.

"ಅದು ಹೋಗ್ಲಿ ಬಿಡಿ. ನನಗೆ ಆ ಸೆಟ್ಟಿಂಗ್ ಎಲ್ಲಿದೆ ತೋರಿಸಿಕೊಡ್ತೀರಾ ಸಾರ್? ಇನ್ನೊಂದು ಸಲ ಇಂಥ ತಪ್ಪು ನನ್ನಿಂದ ಆಗಬಾರದು."

ಈಗಲೇ ಹೇಳಿಬಿಡಬೇಕು ಅನ್ನಿಸಿತು. ಅಂಗಡಿಯಲ್ಲಿ ಮೂರನೆಯವರು ಯಾರೂ ಇರಲಿಲ್ಲ. ಇದಕ್ಕಿಂತ ಸುಲಭದ ಹೊತ್ತು ಇನ್ನು ಸಿಗುವುದೂ ಇಲ್ಲ. ದಯಾನಂದ ಕೈಚಾಚಿ ಅವಳ ಫೋನು ಇಸಿದುಕೊಂಡ. ಕ್ಯಾಮೆರಾದ ಸೆಟ್ಟಿಂಗಿಗೆ ಹೋದ. ಮಿರರ್ ಎಂಬ ಗುಂಡಿ ಮೊದಲೇ ಆಫ್ ಇತ್ತು. ಅವಳಿಗೆ ಕಾಣುವ ಹಾಗೆ ಅದನ್ನು ಒಮ್ಮೆ ಆನ್ ಮಾಡಿ, ಮತ್ತೆ ಆಫ್ ಮಾಡಿದ.

"ಇಗೋ, ಇದೇ. ಇನ್ಮೇಲೆ ತಿರುಗಾಕಿಲ್ಲ ಬುಡಿ."

ಪರೀಕ್ಷೆಗೆಂದು ಅವಳು ಅವನದೇ ಒಂದು ಫೋಟೋ ತೆಗೆದಳು. ಬಗ್ಗಿ ನೋಡಿ, "ಜೇಬು ಎಡಗಡೆನೇ ಇದೆ. ಈಗ ಸರಿಯಾಯ್ತಲ್ವಾ ಸಾರ್?" ಎಂದಳು. ಪಾಠ ಒಪ್ಪಿಸಿದ ಮಕ್ಕಳ ಮುಖದಲ್ಲಿರುವಂಥ ಸಂತೋಷ ಅವಳ ಮುಖದಲ್ಲಿತ್ತು. "ಸರಿಯಾಯ್ತು" ಎಂದ ದಯಾನಂದ. ಅವಳು ಕೈ ಮುಗಿದು ಬಸ್ ಸ್ಟ್ಯಾಂಡಿನ ಕಡೆ ಹೋದಳು. ಅವನು ಮಿಠಾಯಿ ಡಬ್ಬಿಯನ್ನು ಮುಟ್ಟದೆ ಕೂತ.

ಆಮೇಲೆ ಅವನಿಗೆ ಕೆಲಸದಲ್ಲಿ ಕೈ ಓಡಲಿಲ್ಲ. ಕಂಪ್ಯೂಟರಿನ ಮುಂದೆ ಕೂತರೆ ನಾಚಿಕೆ. ಯಾರಾದರೂ ಬಂದು, "ನಿಮಗೆ ತಿಳಿದ ಹಾಗೆ ಮಾಡಿ ಸಾರ್" ಎಂದರೆ ಇನ್ನೂ ನಾಚಿಕೆ. ಸುಳ್ಳು ಹೇಳಿ ತಪ್ಪಿಸಿಕೊಂಡದ್ದು ಒಂದು. ನಂಬಿ ಕಲಿಯಲು ಬಂದವಳಿಗೆ ಆ ಸುಳ್ಳನ್ನೇ ಪಾಠ ಮಾಡಿ ಕಳಿಸಿದ್ದು ಇನ್ನೊಂದು. ಮೊದಲನೆಯದು ಗಾಬರಿಯಲ್ಲಿ ಆಯಿತೆನ್ನಬಹುದು. ಎರಡನೆಯದಕ್ಕೆ ಏನನ್ನಬಹುದೆಂದು ಎಷ್ಟು ಹುಡುಕಿದರೂ ಸಿಗಲಿಲ್ಲ.

ಶಾಂತಿಯ ದಿನ ನೊಣವಿನಕೆರೆಗೆ ಹೋದ. ಹೇಳಿಯೇ ಬಿಡುವುದೆಂದು ಹೋಗಿದ್ದ. ಮನೆ ಮುಂದೆ ಶಾಮಿಯಾನ, ಒಳಗೆ ಹೋಮದ ಹೊಗೆ. ಶ್ರೀರಂಗಯ್ಯನವರು ಜ್ವರ ಬಿಟ್ಟು ಗೆಲುವಾಗಿ ಹಸೆಯ ಮೇಲೆ ಕೂತಿದ್ದರು. ಪೂರ್ಣಾಹುತಿ ಮುಗಿಯಿತು. ಆರತಿಗೆ ಮೊದಲು ಅರುಣ್ ಕುಮಾರ್ ಅವನನ್ನು ಮುಂದಕ್ಕೆ ಕರೆದು, ಆಪತ್ತಿನಲ್ಲಿ ಒಂದೇ ದಿನದಲ್ಲಿ ಕಾರ್ಡು ಮಾಡಿಕೊಟ್ಟ ಉಪಕಾರಿ ಎಂದು ಎಲ್ಲರಿಗೂ ಹೇಳಿ ಹೆಗಲಿಗೊಂದು ಶಾಲು ಹೊದಿಸಿಬಿಟ್ಟ. ವನಜಾಕ್ಷಿ ದೂರದ ಕಂಬದ ಹತ್ತಿರ ಎಲೆ ಒರೆಸುತ್ತ ನಿಂತಿದ್ದಳು. ಆರತಿ ತಟ್ಟೆ ಅನುಪಮಾಳ ಕೈಲಿತ್ತು.

"ಆ ಕಾರ್ಡಿನ ತಪ್ಪು ಅವರದಲ್ಲ. ನಂದು," ಎಂದ ದಯಾನಂದ. ಇನ್ನೊಮ್ಮೆ ಹೇಳಿದ.

ಲಕ್ಷ್ಮೀದೇವಮ್ಮನವರ ಕಣ್ಣು ತೇವವಾಯಿತು. "ನೋಡೇ ವನಜಾಕ್ಷಿ, ಎಂಥ ದೊಡ್ಡ ಮನಸ್ಸು. ನೀನು ಮಾಡಿದ್ದನ್ನ ತನ್ನ ತಲೆ ಮೇಲೆ ಎಳ್ಕೊತಿದ್ದಾನೆ ಪುಣ್ಯಾತ್ಮ."

ಕೂತವರೆಲ್ಲ ಹೌದೌದೆಂದು ತಲೆಯಾಡಿಸಿದರು. ಹಿಂದಿನ ಸಾಲಿನಲ್ಲಿ ಯಾರೋ, ಈ ಕಾಲದಲ್ಲಿ ಇಂಥವರು ಸಿಗುವುದಿಲ್ಲ ಎಂದರು. ಶಾಲು ಹೊದ್ದುಕೊಂಡು ಅಲ್ಲಿ ನಿಂತಿದ್ದ ದಯಾನಂದನಿಗೆ ಭೂಮಿ ಬಾಯಿಬಿಟ್ಟರೆ ಇಳಿದುಹೋಗೋಣ ಅನ್ನಿಸಿತು. ಸುಮ್ಮನಾದರೆ ಹೊಗಳಿಕೆಯೂ ದಕ್ಕುತ್ತಿತ್ತು, ಹೇಳಿದ್ದೇನೆ ಎಂಬ ಸಮಾಧಾನವೂ ದಕ್ಕುತ್ತಿತ್ತು. ಅರೆಗಳಿಗೆ ಸುಮ್ಮನಾದ ಕೂಡ.

ಆಮೇಲೆ ಶಾಲು ತೆಗೆದು ಕುರ್ಚಿಯ ಮೇಲಿಟ್ಟ. ಜೇಬಿನಿಂದ ಫೋನು ತೆಗೆದು, ವನಜಾಕ್ಷಿ ಕಳಿಸಿದ್ದ ಫೋಟೋವನ್ನು ಹುಡುಕಿ ಲಕ್ಷ್ಮೀದೇವಮ್ಮನವರ ಕೈಗೆ ಕೊಟ್ಟ. "ಇವರು ಕಳಿಸಿದ್ದು ನನಗೆ ಹಿಂಗೇ ಬಂದಿತ್ತು ಕಣಮ್ಮ. ಜನಿವಾರ ಯಾವ ಕಡೆ ಐತೆ ನೋಡಿ. ಚೆಂದ ಕಾಣ್ಲಿ ಅಂತ ನಾನೇ ತಿರುಗಿಸಿದೆ. ತಿರುಗಿಸಿ, ನಿಮ್ಮ ಸೊಸೆ ಮೇಲೆ ಹಾಕ್ದೆ."

ಅಲ್ಲಿ ಯಾವ ಇಂಗ್ಲಿಷ್ ಪದವೂ ಬೇಕಾಗಲಿಲ್ಲ, ಎಲ್ಲರಿಗೂ ಅರ್ಥವಾಯಿತು. ಲಕ್ಷ್ಮೀದೇವಮ್ಮನವರು ಫೋನನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಅನುಪಮಾಳ ಕೈಯಿಂದ ತಟ್ಟೆ ತೆಗೆದುಕೊಂಡು ಕಂಬದ ಕಡೆ ಹೋಗಿ ಹಿರಿಯ ಸೊಸೆಯ ಮುಂದೆ ಹಿಡಿದರು. ಅವಳು ಕೂಡಲೇ ಇಸಿದುಕೊಳ್ಳಲಿಲ್ಲ. ದಯಾನಂದನನ್ನೇ ನೋಡುತ್ತಿದ್ದಳು.

"ಹಾಗಾದ್ರೆ ಅವತ್ತು ಅಂಗಡೀಲಿ ನನಗೆ ಏನು ಕಲಿಸಿದ್ರಿ ಸಾರ್?"

ಸಿಟ್ಟಿನಿಂದ ಕೇಳಿದ್ದಲ್ಲ. ಸಿಟ್ಟಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ನಿಜವಾಗಿ ತಿಳಿಯದೆ ಕೇಳಿದ್ದಳು.

"ಸುಳ್ಳು ಕಣಮ್ಮ," ಎಂದ.

ಅವಳು ಆರತಿ ಎತ್ತಿದಳು. ಶ್ರೀರಂಗಯ್ಯನವರು ಅಕ್ಷತೆ ಹಾಕಿ ಹರಸಿದರು. ದಯಾನಂದ ಮೆಲ್ಲಗೆ ಹೊರಡಲು ನೋಡಿದರೆ ಅರುಣ್ ಕುಮಾರ್ ತೋಳು ಹಿಡಿದು, ಊಟ ಮಾಡದೆ ಹೋದರೆ ಅಪ್ಪ ಬೈಯುತ್ತಾರೆಂದು ಪಂಕ್ತಿಯಲ್ಲಿ ಕೂರಿಸಿದ. ಪಾಯಸ ಬಡಿಸುತ್ತ ಬಂದವಳು ವನಜಾಕ್ಷಿ. ಎಲ್ಲರಿಗೂ ಬಡಿಸಿದ ಹಾಗೆಯೇ ಅವನ ಎಲೆಗೂ ಒಂದು ಸೌಟು ಹಾಕಿದಳು. ಸಾಕೇ, ಇನ್ನೂ ಬೇಕೇ ಎಂದು ಎಲ್ಲರನ್ನೂ ಕೇಳುವಂತೆ ಅವನನ್ನೂ ಕೇಳಿದಳು. ಅವನು ಎಲೆಯ ಮೇಲೆ ಕೈ ಅಡ್ಡ ಹಿಡಿದ, ತಲೆ ಎತ್ತಲಾಗಲಿಲ್ಲ. ಅವಳು ಪಕ್ಕದವರ ಎಲೆಗೆ ಹೋದಳು.