ಕಿವಿ ಕತ್ತರಿಸಿದ ರಾಜ

ಕಿವಿಯೇ ಇಲ್ಲದ ನಾಯಿಯನ್ನು ನೀವು ನೋಡಿದ್ದೀರಾ?

ನಾನು ನೋಡಿದೆ. ನಾವು ದುಡಿಯಲು ಬಂದಿರುವ ಈ ಕೊಲ್ಲಿ ದೇಶದ ಖೈತಾನ್‌ನಲ್ಲಿ ನಮ್ಮ ಬಿಲ್ಡಿಂಗಿನ ಹಿಂದೆ, ನಿಲ್ಲಿಸಿದ್ದ ಕಾರಿನ ನೆರಳಲ್ಲಿ. ಎರಡೂ ಕಿವಿ ಬುಡಕ್ಕೇ ಕತ್ತರಿಸಿದ್ದರು. ಮೂತಿಯ ತುಂಬಾ ಹಳೆಯ ಗಾಯದ ಗೆರೆಗಳು. ನನಗೋ ಹೆದರಿಕೆ. ಅದಕ್ಕೆ ನನ್ನನ್ನು ಕಂಡದ್ದೇ ಖುಷಿ! ಬಾಲ ಅಲ್ಲಾಡಿಸಿದ್ದೇ ಅಲ್ಲಾಡಿಸಿದ್ದು.

ಮೇಲಿನ ಫ್ಲೋರಿನ ನರ್ಸ್ ರೋಸಿಬಾಯಿ ದಿನಾ ಅನ್ನ, ಮೀನು ತಂದು ಹಾಕಿದರು. ರಾಜ ಎಂದು ಹೆಸರೂ ಇಟ್ಟರು. “ಪಾಪ ಮಾರಾಯ್ರೆ, ಮನೆಗೇ ಕರ್ಕೊಂಡು ಹೋಗ್ತೇನೆ. ನಮ್ಮ ಪಿಂಕಿಗೂ ಒಂದು ಜೊತೆ ಆಯ್ತು.” (ಪಿಂಕಿ ಎಂದರೆ ಅವರ ಪೊಮೆರೇನಿಯನ್. ಬಿಲ್ಡಿಂಗಿನ ಮಹಾರಾಣಿ.)

“ಬೇಡ ಸಿಸ್ಟರ್, ಇದು ಕಾದಾಟದ ನಾಯಿ. ಎದುರಿನ ನಾಯಿಗೆ ಹಿಡಿತ ಸಿಗಬಾರದೂಂತ ಕಿವಿ ಕತ್ತರಿಸ್ತಾರೆ” ಎಂದ, ಕೆಳಗೆ ಕಿರಾಣಿ ಅಂಗಡಿ ನಡೆಸುವ ನಮ್ಮೂರ ಹಮೀದ್.

“ಅದೆಲ್ಲ ಬ್ಯಾನ್ ಅಲ್ವಾ ಮಾರಾಯ?” ಎಂದೆ ನಾನು.

“ನಮ್ಮೂರ ಕೋಳಿ ಅಂಕವೂ ಬ್ಯಾನೇ ಅಲ್ವಾ ಸಾರ್?”

ಆ ರಾತ್ರಿ ಮೊಬೈಲಿನಲ್ಲಿ ಹುಡುಕಿ ಓದಿದೆ.

ಹಿಂದೆ ಇಂಗ್ಲೆಂಡಿನಲ್ಲಿ ಕಟ್ಟಿಹಾಕಿದ ಹೋರಿಯ ಮೇಲೆ, ಕರಡಿಯ ಮೇಲೆ ನಾಯಿ ಛೂ ಬಿಟ್ಟು ಜನ ಕೇಕೆ ಹಾಕುತ್ತಿದ್ದರಂತೆ. ಕಾನೂನು ಬಂತು. ಹೋರಿಯನ್ನು ಬಚ್ಚಿಡುವುದು ಕಷ್ಟ, ನಾಯಿಯನ್ನು ಬಚ್ಚಿಡುವುದು ಸುಲಭ. ನೆಲಮಾಳಿಗೆಗೆ ಇಳಿದು ನಾಯಿಗೆ ನಾಯಿಯನ್ನೇ ಎದುರು ಬಿಟ್ಟರು. ಈಗ ಭಾರತದಲ್ಲೂ ನಿಷೇಧ, ಇಲ್ಲಿಯೂ ನಿಷೇಧ. ಕಾನೂನು ಬಂದರೆ ಚಟ ಹೋಗುತ್ತದೆಯೇ? ಊರಾಚೆಗೆ ಹೋಗುತ್ತದೆ, ಅಷ್ಟೇ.

ರೋಸಿಬಾಯಿ ಕೇಳಬೇಕಲ್ಲ! ಶುಕ್ರವಾರ ಸಂಜೆ ಪಿಂಕಿಯನ್ನು ಎತ್ತಿಕೊಂಡು ಕೆಳಗೆ ಬಂದರು, ಪರಿಚಯ ಮಾಡಿಸಲು. ಬಿಲ್ಡಿಂಗಿನ ಮಕ್ಕಳೆಲ್ಲ ಸುತ್ತ ನಿಂತು ಚಪ್ಪಾಳೆ ತಟ್ಟಿದರು. “ಕಮಾನ್ ರಾಜಾ! ಸೇ ಹಲೋ!”

ಸುತ್ತ ಜನ. ಚಪ್ಪಾಳೆ. ನಡುವೆ ಇನ್ನೊಂದು ನಾಯಿ.

ರಾಜನ ಬಾಲ ನಿಂತಿತು. ಮೈ ಮರವಾಯಿತು. ಮರುಕ್ಷಣ ಹಾರಿದ. ಹಮೀದ್ ಅಡ್ಡ ಕೈ ತೂರಿಸದಿದ್ದರೆ ಪಿಂಕಿ ಖಲಾಸ್. ಹಲ್ಲಿಗೆ ಮನುಷ್ಯನ ಚರ್ಮ ತಾಗಿದ್ದೇ ತಡ, ರಾಜ ಬಾಯಿ ಬಿಟ್ಟ. ಹಮೀದನ ಕೈ ನೆಕ್ಕತೊಡಗಿದ, ತಪ್ಪಾಯಿತು ಎನ್ನುವ ಹಾಗೆ.

ಈಗ ರಾಜ ಪ್ರಾಣಿಗಳ ಶೆಲ್ಟರಿನಲ್ಲಿದ್ದಾನೆ. ಉಳಿದ ನಾಯಿಗಳಿಂದ ದೂರ, ಒಂಟಿ ಗೂಡು. ಅಲ್ಲಿನ ಡಾಕ್ಟರ್ ಹೇಳಿದರು: ಕಾದಾಟದ ನಡುವೆ ಮಾಲೀಕ ಕೈ ಹಾಕಿ ಬಿಡಿಸಬೇಕಲ್ಲ, ಅದಕ್ಕೆ ಮನುಷ್ಯರನ್ನು ಕಚ್ಚುವ ನಾಯಿಯನ್ನು ನಾಯಿ ಕಾದಿಸುವವರು ಉಳಿಸಿಕೊಳ್ಳುವುದಿಲ್ಲವಂತೆ. ರೋಸಿಬಾಯಿ ಗೂಡಿನ ಕಂಬಿ ಹಿಡಿದು ಅತ್ತುಬಿಟ್ಟರು. “ನನ್ನ ಮನೆಗೆ ಬರ್ಲಿಕ್ಕಿಲ್ಲವಾ ನೀನು ಇನ್ನು?”

ನಾಯಿ ಕಂಡರೆ ಗುರ್ ಎನ್ನುತ್ತಾನೆ. ನಮ್ಮನ್ನು ಕಂಡರೆ ಈಗಲೂ ಬಾಲ ಅಲ್ಲಾಡಿಸುತ್ತಾನೆ.

ನಿಜಕ್ಕೂ ಅವನು ಕಚ್ಚಬೇಕಾಗಿದ್ದದ್ದು ಯಾರನ್ನು, ನೀವೇ ಹೇಳಿ?